ಸೋಮವಾರ ಹೊಲದಲ್ಲಿ ಯಾರಿರುತ್ತಾರೆ

ಕುಳ್ಳಮ್ಮ ಹುಟ್ಟಿದ್ದು ಹೊಸಹೊಳಲಿನ ಹತ್ತಿರ, ಸೇರಿದ್ದು ಮಾಳಿಗೆಕೊಪ್ಪಲು. ಕೆ.ಆರ್. ಪೇಟೆಯಲ್ಲಿ ಪಾಂಡವಪುರದ ಕಡೆಯ ಬಸ್ಸು ಹತ್ತಿ, ಕೈಮರದ ಹತ್ತಿರ ಇಳಿದು, ಕೆರೆ ಏರಿ ದಾಟಿದರೆ ಆ ಊರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ, ಹೆಚ್ಚಿಗೆ ಬೇಕೂ ಆಗಿರಲಿಲ್ಲ. ಹೆಸರು ಕುಳ್ಳಮ್ಮ, ಆದರೆ ಆಳು ಎತ್ತರ. ಆ ಊರಲ್ಲಿ ಅದನ್ನು ಹೇಳಿ ನಗದವರಿಲ್ಲ. ಗಂಡ ದೇವಯ್ಯನಂತೂ ಮದುವೆಯ ಚಪ್ಪರದಲ್ಲೇ ಶುರು ಮಾಡಿದವನು ಸಾಯುವ ತನಕ ಬಿಡಲಿಲ್ಲ.

ದೇವಯ್ಯ ಸತ್ತದ್ದು ಕಾರ್ತಿಕದ ಕಡೆಯ ಸೋಮವಾರ. ಕಲ್ಲು ಬಿದ್ದು ಸತ್ತ.

ಊರಿನ ಪಡುವಲಿಗೆ ಒಂದು ಗುಡ್ಡವಿದೆ. ಅದರಲ್ಲಿ ಕ್ವಾರಿ ಶುರುವಾದಾಗ ಹಿರಿಯರು ಚಾವಡಿಯಲ್ಲಿ ಕೂತು ಕ್ವಾರಿಯವರ ಹತ್ತಿರ ಒಂದು ಮಾತು ಮಾಡಿಕೊಂಡಿದ್ದರು. ಬಂಡೆ ಸಿಡಿಸುವುದಿದ್ದರೆ ಸೋಮವಾರ ಸಿಡಿಸಿ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಕಟ್ಟದ ದಿನ ಆಳೂ ಇಲ್ಲ, ಒಡೆಯನೂ ಇಲ್ಲ, ಗುಡ್ಡದ ಕೆಳಗಿನ ಹೊಲಗಳೆಲ್ಲ ಖಾಲಿ. ಆಗಿನ ಲೆಕ್ಕಕ್ಕೆ ಅದು ಒಳ್ಳೆಯ ಮಾತೇ. ಮೊದಮೊದಲು ಕೆಂಪು ಬಾವುಟ ಹಿಡಿದು ಒಬ್ಬ ಆಳು ದಾರಿಯಲ್ಲಿ ನಿಂತು ಸೀಟಿ ಊದುತ್ತಿದ್ದ. ಖಾಲಿ ಹೊಲಕ್ಕೆ ಎಷ್ಟು ದಿನ ಅಂತ ಊದುತ್ತಾನೆ? ಆಮೇಲೆ ಅವನನ್ನು ಜಲ್ಲಿ ಒಡೆಯುವ ಮಿಷನ್ನಿನ ಕೆಲಸಕ್ಕೆ ಹಾಕಿಕೊಂಡರು.

ಎತ್ತುಗಳು ಒಂದೊಂದಾಗಿ ಸಂತೆಗೆ ಹೋದವು. ಟ್ರಾಕ್ಟರು ಬಂದವು. ಟ್ರಾಕ್ಟರಿಗೆ ಸೋಮವಾರವೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ಆದರೆ ಚಾವಡಿಯಲ್ಲಿ ಆಡಿದ ಮಾತು ಹಾಗೇ ಉಳಿಯಿತು. ಅದನ್ನು ತಿದ್ದಬೇಕು ಅಂತ ಊರಿನವರಿಗೂ ಹೊಳೆಯಲಿಲ್ಲ, ಕ್ವಾರಿಯವರಿಗೂ ಬೇಕಿರಲಿಲ್ಲ. ಗುಡ್ಡದ ಬುಡದ ಹೊಲದವರು ಸೋಮವಾರ ಊಟದ ಹೊತ್ತಿಗೆ ಅಂದಾಜಿನ ಮೇಲೆ ಎದ್ದು ಬರುತ್ತಿದ್ದರು, ಅಷ್ಟೆ.

ದೇವಯ್ಯ ಬೇರೆಯವರ ಟ್ರಾಕ್ಟರು ಓಡಿಸುತ್ತಿದ್ದ. ಆ ಬೆಳಿಗ್ಗೆ ಕುಳ್ಳಮ್ಮ ಬುತ್ತಿ ಕಟ್ಟುತ್ತಾ, "ಸೋಮಾರ ಅಲ್ವಾ ಇವತ್ತು?" ಅಂದಿದ್ದಳು.

"ಟ್ರಾಕ್ಟರಿಗ್ಯಾವ ಸೋಮಾರ? ಅದೇನ್ ಉಲ್ಲು ತಿಂದದಾ?" ಅಂದ ದೇವಯ್ಯ. ಅವಳು ನಕ್ಕಳು. ಅವನು ಹೋದ. ಚಿಕ್ಕಮಾದಯ್ಯನ ಹೊಲ ಉಳುತ್ತಿದ್ದ. ಅವತ್ತು ಬಂಡೆಯಲ್ಲಿ ಕೊರೆದ ಕುಳಿಗೆ ಸಿಡಿಮದ್ದು ತುಂಬುವ ಕೆಲಸ ಬೇಗ ಮುಗಿದಿತ್ತು. ಬೇಗ ಸಿಡಿಸಿದರು. ತೆಂಗಿನಕಾಯಿ ಗಾತ್ರದ ಕಲ್ಲು. ಟ್ರಾಕ್ಟರು ತಾನಾಗೇ ಹೋಗಿ ಬದುವಿಗೆ ಗುದ್ದಿ ನಿಂತಿತು.

ಪೊಲೀಸರು ಬಂದು ಬರೆದುಕೊಂಡು ಹೋದರು. ಕ್ವಾರಿ ಸ್ವಲ್ಪ ದಿನ ಮುಚ್ಚಿತು, ಮತ್ತೆ ತೆರೆಯಿತು. ತಿಥಿಯ ದಿನ ಪಂಕ್ತಿಯಲ್ಲಿ ಕೂತಿದ್ದ ಒಬ್ಬರು ಎಲೆ ಮಡಿಸುತ್ತಾ, "ಸೋಮಾರ ಒಲ ಉಳಕ್ಕೋದ್ರೆ ಬಸಪ್ಪ ಸುಮ್ಕೆ ಬುಟ್ಟಾನಾ?" ಅಂದರು. ಕುಳ್ಳಮ್ಮ ಕಂಬದ ಹಿಂದೆ ನಿಂತಿದ್ದಳು. ಕೇಳಿಸಿತು. ಗುಡ್ಡದವರದ್ದೂ ತಪ್ಪಿಲ್ಲ, ಕಲ್ಲಿನದ್ದೂ ತಪ್ಪಿಲ್ಲ. ಸತ್ತವನದ್ದೇ ತಪ್ಪು ಅಂತ ಊರು ತೀರ್ಮಾನ ಮಾಡಿ, ಪಾಯಸ ಉಂಡು, ಎದ್ದು ಹೋಯಿತು.

ಅಳು ಅವಳಿಗೆ ಎಲ್ಲರ ಎದುರು ಬರುತ್ತಿರಲಿಲ್ಲ. ಸಂಜೆ ಬರುತ್ತಿತ್ತು. ದೇವಯ್ಯ ಏರಿ ಮೇಲಿಂದ ಟ್ರಾಕ್ಟರು ಇಳಿಸುವಾಗ ತಿರುವಿಗೆ ಮುಂಚೆಯೇ ಗೇರು ಇಳಿಸುತ್ತಿದ್ದ. ಆ ಸದ್ದಿಗೆ ಅವಳು ಒಲೆಯ ಮೇಲೆ ಎಸರಿಡುತ್ತಿದ್ದಳು. ಈಗ ಅದೇ ಟ್ರಾಕ್ಟರನ್ನು ಪುಟ್ಟರಾಜು ಓಡಿಸುತ್ತಾನೆ. ಅವನು ತಿರುವು ದಾಟಿದ ಮೇಲೆ ಗೇರು ಹಾಕುತ್ತಾನೆ. ಇಂಜಿನ್ನು ನರಳುತ್ತದೆ. ಆ ನರಳಾಟ ಕೇಳಿಸಿದಾಗಲೆಲ್ಲ ಕುಳ್ಳಮ್ಮ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಉಜ್ಜುತ್ತಾ ನಿಲ್ಲುತ್ತಿದ್ದಳು.

ಟಿವಿಯಲ್ಲಿ ಆಕಾಶದ ಕಲ್ಲಿನ ಸುದ್ದಿ ಬಂದಾಗ ಸಂಕ್ರಾಂತಿ ಕಳೆದಿತ್ತು. ಅವಳಿಗೆ ಅದು ಗೊತ್ತಾದದ್ದು ಹಾಲಿನ ಡೈರಿಯಲ್ಲಿ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ. ಮುಂದೆ ಪುಟ್ಟರಾಜು ಮೊಬೈಲು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ.

"ಎರಡ್ ಸಾವ್ರದ ಮೂವತ್ತೆರಡಕ್ಕಂತೆ ಕಣ್ರಲಾ. ಡಿಸೆಂಬರ್ ತಿಂಗ್ಳು. ಬಾನದಿಂದ ಬಂಡೆ ಬತ್ತದಂತೆ."

"ಎಲ್ಲಿಗ್ಲಾ?"

"ಒಂದ್ ಗೆರೆ ಎಳ್ದವ್ರೆ. ಆ ಗೆರೆ ಮ್ಯಾಲೆ ಎಲ್ಲಾರ ಬೀಳ್ಬೋದಂತೆ. ನಮ್ ದೇಸದ ಮ್ಯಾಲೂ ಓಗದೆ ಗೆರೆ."

"ನಮ್ಮೂರ್ಗೆ ಬರಕಿಲ್ಲ ಬುಡ್ಲಾ. ನಮ್ಮೂರ್ಗೆ ಬಸ್ಸೇ ಬರಕಿಲ್ಲ, ಬಂಡೆ ಬತ್ತದಾ?"

"ಬಂದ್ರೆ ಕ್ವಾರಿ ಮ್ಯಾಲೆ ಬೀಳ್ಲಿ. ಆ ಮೇಸ್ತ್ರಿ ಅದ್ನೂ ಒಡ್ದು ಜಲ್ಲಿ ಮಾಡ್ಕತಾನೆ."

ಎಲ್ಲರೂ ನಕ್ಕರು. ನಗುತ್ತಾ ತಿರುಗಿದವರಿಗೆ ಕುಳ್ಳಮ್ಮ ಕಂಡಳು. ನಗು ನಿಂತಿತು. ಪುಟ್ಟರಾಜು ಮೊಬೈಲು ಜೇಬಿಗೆ ಹಾಕಿಕೊಂಡ.

"ಯಾವಾಗ ಅಂದೆ?" ಅಂದಳು ಕುಳ್ಳಮ್ಮ.

"ಇನ್ನೂ ಏಳೆಂಟ್ ವರ್ಷ ಅದೆ ಬುಡಕ್ಕ."

"ಈಗ್ಲೇ ಹೇಳವ್ರಾ?"

"ಊಂ ಕಣಕ್ಕ. ದೊಡ್ ದೊಡ್ ದುರ್ಬೀನು ಮಡೀಕಂಡವ್ರೆ. ಅದ್ರಾಗೆ ನೋಡ್ತಾವ್ರೆ."

ಅವಳು ಹಾಲು ಅಳೆಸಿ ಖಾಲಿ ಕ್ಯಾನು ಹಿಡಿದು ಮನೆಗೆ ಬಂದಳು. ಎಂಟು ವರ್ಷ ಮುಂಚೆ ಹೇಳುವವರು ಇದ್ದಾರೆ. ಅದು ಅವಳ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಮಕ್ಕಳು ಹೆದರಿದ್ದವು. ಒಂದು ಮಗು ಶಾಲೆಗೇ ಬರುವುದಿಲ್ಲ, ಸಾಯುವುದಾದರೆ ಓದಿ ಏನು ಮಾಡಲಿ ಅಂತ ಹಟ ಹಿಡಿದಿತ್ತಂತೆ. ಅದಕ್ಕೆ ಹೈಸ್ಕೂಲಿನವರು ಕೆ.ಆರ್. ಪೇಟೆ ಕಾಲೇಜಿನಿಂದ ರವೀಂದ್ರ ಅನ್ನುವ ಮೇಷ್ಟರನ್ನು ಕರೆಸಿದರು. ಊರಿನವರೂ ಬನ್ನಿ ಅಂದರು. ಶನಿವಾರ ಶಾಲೆಯ ಅಂಗಳದಲ್ಲಿ ಮಕ್ಕಳು ಮುಂದೆ, ಹೆಂಗಸರು ಒಂದು ಮಗ್ಗುಲು, ಗಂಡಸರು ಕಾಂಪೌಂಡಿನ ಮೇಲೆ. ಕುಳ್ಳಮ್ಮ ಹಿಂದೆ ಕೂತಳು.

ರವೀಂದ್ರ ಮೇಷ್ಟರು ಒಳ್ಳೆಯವರು. ಮಕ್ಕಳ ಜೊತೆ ನೆಲದ ಮೇಲೇ ಕೂತು ಹೇಳಿದರು. ಸೂರ್ಯನ ಸುತ್ತ ನಮ್ಮ ಭೂಮಿ ಸುತ್ತುವ ಹಾಗೆ ಲೆಕ್ಕವಿಲ್ಲದಷ್ಟು ಕಲ್ಲುಗಳೂ ಸುತ್ತುತ್ತವೆ. ಇದು ಅದರಲ್ಲಿ ಒಂದು. ಹೊಸಹೊಳಲಿನ ದೇವಸ್ಥಾನಕ್ಕಿಂತ ದೊಡ್ಡದು ಇರಬಹುದು. ಬಿದ್ದರೆ ಒಂದು ಊರು ಹೋಗುತ್ತದೆ, ಪ್ರಪಂಚ ಹೋಗುವುದಿಲ್ಲ. ಬೀಳುತ್ತದೆ ಅಂತಲೂ ಅಲ್ಲ. ನೂರರಲ್ಲಿ ಎರಡು ಪಾಲು ಬೀಳಬಹುದು, ತೊಂಬತ್ತೆಂಟು ಪಾಲು ಬೀಳುವುದಿಲ್ಲ. ಇನ್ನೂ ನೋಡುತ್ತಾ ಇದ್ದಾರೆ. ನೋಡಿದ ಹಾಗೆ ಲೆಕ್ಕ ಏರಬಹುದು, ಇಳಿಯಲೂಬಹುದು. ನಿಜವಾಗಿ ಬರುತ್ತದೆ ಅಂತಾದರೆ ಆ ಜಾಗದ ಜನರನ್ನು ಮುಂಚೆಯೇ ಎಬ್ಬಿಸಿ ಕಳಿಸುತ್ತಾರೆ. ಕಲ್ಲಿಗೇ ಒಂದು ರಾಕೆಟ್ಟು ಗುದ್ದಿಸಿ ದಾರಿ ತಪ್ಪಿಸಲೂ ನೋಡಬಹುದು, ಅಂಥದ್ದನ್ನು ಬೇರೊಂದು ಕಲ್ಲಿನ ಮೇಲೆ ಮಾಡಿಯೂ ನೋಡಿದ್ದಾರೆ.

ಮಕ್ಕಳು ಕೈ ಎತ್ತಿ ಏನೇನೋ ಕೇಳಿದವು. ಎಲ್ಲ ಮುಗಿದ ಮೇಲೆ ಕುಳ್ಳಮ್ಮ ಎದ್ದು ನಿಂತಳು. ಸಭೆಯಲ್ಲಿ ಎದ್ದು ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು.

"ಸಾ, ಒಂದ್ ಕೇಳ್ಲಾ?"

"ಕೇಳಿ ಅಮ್ಮ."

"ಅದು ಯಾರೂ ಇಲ್ದಿರೋ ಜಾಗದಾಗೆ ಬೀಳಂಗಿದ್ರೆ? ಸಮುದ್ರದಾಗೆ, ಕಾಡ್ನಾಗೆ. ಆಗ್ಲೂ ಹೇಳ್ತಾರಾ?"

"ಹೇಳ್ತಾರೆ."

"ಯಾಕೆ? ಅಲ್ಲಿ ಯಾರೂ ಇರಕಿಲ್ವಲ್ಲ."

ಮೇಷ್ಟರು ಸ್ವಲ್ಪ ಯೋಚನೆ ಮಾಡಿದರು. "ಸಮುದ್ರದಲ್ಲಿ ಆ ದಿನ ಹಡಗು ಇರಬಹುದು, ಮೀನು ಹಿಡಿಯೋರು ಇರಬಹುದು. ಯಾರೂ ಇಲ್ಲ ಅಂತ ಇಲ್ಲಿ ಕೂತು ನಾವು ಹೇಳೋಕಾಗಲ್ಲಮ್ಮ. ಹೋಗಿ ನೋಡಬೇಕು."

ಕುಳ್ಳಮ್ಮ ಕೂತಳು. ಪಕ್ಕದವಳು "ಏನ್ ಕೇಳ್ದೆ ನೀನು?" ಅಂದಳು. ಇವಳು ಸೆರಗು ಹೊದ್ದು ಮತ್ತೆ ಎದ್ದಳು.  

ಶಾಲೆಯಿಂದ ಅವಳು ಮನೆಗೆ ಹೋಗಲಿಲ್ಲ. ನೇರ ಕ್ವಾರಿಗೆ ಹೋದಳು. ಅಲ್ಲಿ ಮಹದೇವಸ್ವಾಮಿ ಮೇಸ್ತ್ರಿ ಶೀಟಿನ ಶೆಡ್ಡಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಕ್ವಾರಿಯ ಸಾಹುಕಾರರು ಇರುವುದು ಮೈಸೂರಿನಲ್ಲಿ. ಇಲ್ಲಿ ಎಲ್ಲ ನೋಡಿಕೊಳ್ಳುವವನು ಇವನೇ. ದೇವಯ್ಯ ಸತ್ತ ದಿನ ಹೆಣ ಎತ್ತಲು ಇವನೂ ಕೈ ಕೊಟ್ಟಿದ್ದ. ಅವಳನ್ನು ನೋಡಿ ಎದ್ದು ನಿಂತ.

"ಬನ್ನಿ ಕುಳ್ಳಮ್ಮಾರೆ. ಏನ್ ಬಂದ್ರಿ?"

"ಬಂಡೆ ಸಿಡ್ಸೋ ಮುಂಚೆ ಹೇಳ್ಬೇಕು ಮೇಸ್ತ್ರಿ. ಸೀಟಿ ಊದಿ, ಒಲ ನೋಡಿ, ಆಮ್ಯಾಕೆ ಸಿಡ್ಸಿ."

"ಸೋಮ್ವಾರ ಮಾತ್ರ ಸಿಡ್ಸದು. ಊರೋರೇ ಹೇಳಿದ್ ದಿನ. ಸೋಮ್ವಾರ ಒಲದಾಗೆ ಯಾರಿರ್ತಾರೆ?"

"ನನ್ ಗಂಡ ಇದ್ದ."

ಮಹದೇವಸ್ವಾಮಿ ಕಾಫಿಯ ಲೋಟ ಕೆಳಗಿಟ್ಟ.  "ಆಳಿಲ್ಲ ನನ್ ಹತ್ರ," ಅಂದ. "ಸಾವ್ಕಾರ್ರಿಗೆ ಕೇಳ್ತೀನಿ. ನೋಡಾನ ಬುಡಿ."

ನೋಡೋಣ ಅಂದರೆ ಇಲ್ಲ ಅಂತ. ಅಷ್ಟು ಅರ್ಥವಾಗಲು ಶಾಲೆ ಬೇಕಿರಲಿಲ್ಲ.

ಸೋಮವಾರ ಬಂತು. ಕುಳ್ಳಮ್ಮ ಹಸುಗಳಿಗೆ ಮೇವು ಹಾಕಿ, ಮುದ್ದೆ ಉಂಡು, ತಲೆಗೆ ಸೆರಗು ಹೊದ್ದು ಚಿಕ್ಕಮಾದಯ್ಯನ ಹೊಲಕ್ಕೆ ಹೋದಳು. ದೇವಯ್ಯ ಸತ್ತ ಮೇಲೆ ಆ ಕಡೆ ಅವಳು ಹೋದದ್ದೇ ಇಲ್ಲ. ಟ್ರಾಕ್ಟರು ಗುದ್ದಿದ ಕಡೆ ಬದು ಇನ್ನೂ ಕುಸಿದೇ ಇತ್ತು. ಅಲ್ಲೇ ಕೂತಳು. ಎದುರಿಗೆ ಗುಡ್ಡ. ಗುಡ್ಡದ ಮೇಲೆ ಕುಳಿಗೆ ಮದ್ದು ತುಂಬುವವರು ಇರುವೆಯಷ್ಟು ಕಾಣುತ್ತಿದ್ದರು. ಅವರಿಗೂ ಇವಳು ಕಂಡಳು. ಕೂಗಿದರು. ಇವಳು ಏಳಲಿಲ್ಲ. ಮಹದೇವಸ್ವಾಮಿ ಬೈಕಿನಲ್ಲಿ ಬಂದ.

"ಏಳಮ್ಮ ಮ್ಯಾಕೆ. ಮದ್ದು ತುಂಬಾಗದೆ."

"ಗೊತ್ತು."

"ಗೊತ್ತಿದ್ದೂ ಕೂತಿದ್ದೀಯಾ? ತಲೆ ಗಿಲೆ ಕೆಟ್ಟದಾ?"

"ನಾನ್ ಇರಾದು ಗೊತ್ತಾಯ್ತಲ್ಲ, ಬೈಕ್ ಹತ್ಕಂಡ್ ಬಂದ್ರಿ. ಅಂಗೇ ವಾರ ವಾರನೂ ಬಂದ್ ನೋಡಿ."

"ತುಂಬಿದ ಕುಳಿನ ರಾತ್ರಿಗೆ ಬುಡಂಗಿಲ್ಲ. ಅಪಾಯ. ತಿಳ್ಕೊ ವಸಿ."

"ಬುಡ್ಬೇಡಿ."

"ಪೊಲೀಸ್ನೋರ್ನ ಕರೀತೀನಿ ಮತ್ತೆ."

"ಕರೀರಿ. ಅವ್ರೂ ಇಲ್ಲೇ ನಿಂತ್ ನೋಡ್ಲಿ."

ಮಹದೇವಸ್ವಾಮಿ ಬೈಕಿನಿಂದ ಇಳಿದ. ಬದುವಿನ ಮೇಲೆ, ಅವಳಿಂದ ಸ್ವಲ್ಪ ದೂರ, ಕುಕ್ಕರಗಾಲಿನಲ್ಲಿ ಕೂತ. ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡ. ಸಿಟ್ಟು ಮಾಡಿ ಪ್ರಯೋಜನವಿಲ್ಲ ಅಂತ ಅವನಿಗೆ ಗೊತ್ತಾಗಿತ್ತು.

"ಏನ್ ಬೇಕವ್ವ ನಿಂಗೆ? ಸಾವ್ಕಾರ್ರಿಗೆ ಹೇಳಿ ಏನಾರ ಕೊಡಿಸ್ತೀನಿ."

"ಏನೂ ಬ್ಯಾಡ. ಸಿಡ್ಸೋ ಮುಂಚೆ ಹೇಳಿ. ಹೇಳಿದ್ ಮ್ಯಾಕೆ ಒಲ ನೋಡಿ. ನೋಡಿದ್ ಮ್ಯಾಕೆ ಸಿಡ್ಸಿ."

"ಆಳಿಲ್ಲ ಅಂದ್ನಲ್ಲ."

"ನಾನ್ ನೋಡ್ತೀನಿ. ನೀವು ಮದ್ದು ತುಂಬಿದ್ ತಕ್ಷಣ ನಂಗೆ ಹೇಳಿ. ನಾನ್ ನೋಡ್ಕಂಡ್ ಬಂದು ಕೈ ಎತ್ತೋ ಗಂಟ ಸಿಡಿಸ್ಬೇಡಿ. ಅಷ್ಟೆಯ."

ಅವನು ಗುಡ್ಡ ನೋಡಿದ, ಬಿಸಿಲು ನೋಡಿದ. "ಆಯ್ತು ಏಳು," ಅಂದ. ಅವಳು ಎದ್ದಳು. ಹೊಲದ ಉದ್ದಕ್ಕೂ ಹೋಗಿ ನೋಡಿ ಬಂದು, ದಾರಿಯ ಮೇಲೆ ನಿಂತು ಕೈ ಎತ್ತಿದಳು. ಬಂಡೆ ಸಿಡಿಯಿತು. ಕ್ವಾರಿ ಮತ್ತೆ ತೆರೆದಾಗಿನಿಂದ ಸೋಮವಾರದ ಆ ಸದ್ದನ್ನು ಅವಳು ಮನೆಯೊಳಗೆ, ಕಿವಿಗೆ ಸೆರಗು ಒತ್ತಿಕೊಂಡು ಕೇಳಿದ್ದಳು. ಈಗ ನಿಂತು ಕೇಳಿದಳು.

ಒಂದು ತೊಂದರೆ ಇತ್ತು. ಹೊಲ ದೊಡ್ಡದು, ಕಬ್ಬಿನ ಗದ್ದೆಯೂ ಇದೆ. ಅವಳ ಗಂಟಲು ಗಂಡ ಸತ್ತ ದಿನ ಕೂಗಿ ಕೂಗಿ ಒಡೆದದ್ದು ಸರಿಹೋಗಿರಲಿಲ್ಲ. ಕೂಗಿದರೆ ಹತ್ತು ಮಾರು ದಾಟುತ್ತಿರಲಿಲ್ಲ.

ಬುಧವಾರ ಈರುಳ್ಳಿ ಬೆಳ್ಳುಳ್ಳಿ ಮಾರುವ ಹಫೀಜ್ ಬಂದ. ಕೆ.ಆರ್. ಪೇಟೆಯವನು, ಗೂಡ್ಸ್ ಆಟೋ ಇಟ್ಟುಕೊಂಡವನು. ಆಟೋದ ಮೇಲೆ ಕಟ್ಟಿದ ಮೈಕು ಅವನ ಧ್ವನಿಯಲ್ಲೇ ಒಂದೇ ಸಮ ಕೂಗುತ್ತಿರುತ್ತದೆ, ಅವನು ಬೀಡಿ ಸೇದುತ್ತಾ ಕೂತಿರುತ್ತಾನೆ. ಕುಳ್ಳಮ್ಮ ಮೈಕನ್ನೇ ನೋಡುತ್ತಾ ನಿಂತಳು.

"ಏನ್ ಬೇಕಮ್ಮಾ? ಬೆಳ್ಳುಳ್ಳಿ ಏ ಒನ್ ಅದೆ."

"ಇದು ಎಲ್ಲಿ ಸಿಕ್ತದಪ್ಪ?" ಅಂತ ಮೈಕು ತೋರಿಸಿದಳು.

"ಅರೇ, ನೀವ್ಯಾಕಮ್ಮಾ ಮೈಕು? ಎಲೆಕ್ಷನ್‌ಗೆ ನಿಲ್ತೀರಾ?"

ಅವಳು ಹೇಳಿದಳು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ನಾಲ್ಕು ಮಾತಿನಲ್ಲಿ ಹೇಳಿದಳು. ಹಫೀಜ್ ಬೀಡಿ ಎಸೆದ. ದೇವಯ್ಯನ ಸುದ್ದಿ ಅವನಿಗೂ ಗೊತ್ತಿತ್ತು. ಸೀಟಿನ ಕೆಳಗೆ ಕೈ ಹಾಕಿ ಹಳೆಯದೊಂದು ಕೈಮೈಕು ಎಳೆದ. "ಇದು ಹಳೇದು. ಬಾಯಿ ಒಡೆದದೆ, ಆವಾಜ್ ಗಟ್ಟಿ ಅದೆ. ಇಟ್ಕೊಳ್ಳಿ. ಒಂದ್ ಸಲ ಹೇಳಿದ್ರೆ ಸಾಕು, ಅದೇ ಕೂಗ್ತದೆ. ಹೇಳಿ ಈಗ."

ಅವಳು ಹೇಳಿದಳು. ಅವನು ತಲೆ ಅಲ್ಲಾಡಿಸಿದ.

"ಸಣ್ಣ ಆಯ್ತಮ್ಮಾ. ಬೈಯೋ ಅಂಗೆ ಹೇಳಿ."

"ಯಾರ್ನ ಬೈಲಿ?"

"ನಮ್ ಮನೇಲಿ ಸಾಬಿರಾ ನನ್ನ ಬೈತಾಳಲ್ಲ, ಅಂಗೆ. ನಾಲ್ಕ್ ಬೀದಿಗೆ ಕೇಳ್ತದೆ."

ಕುಳ್ಳಮ್ಮನಿಗೆ ನಗು ಬಂತು. ಬಂದದ್ದು ನೋಡಿ ಅವಳಿಗೇ ಆಶ್ಚರ್ಯ. ನಕ್ಕ ಮೇಲೆ ಗಂಟಲು ಸ್ವಲ್ಪ ಬಿಟ್ಟಿತು. "ಒಲದಾಗಿರೋರೆಲ್ಲ ಎದ್ ಬನ್ನಿ. ಬಂಡೆ ಸಿಡೀತದೆ. ಎದ್ ಬನ್ನಿ," ಅಂತ ಬೈಯುವ ಹಾಗೇ ಹೇಳಿದಳು. ಆದರೆ ಮೈಕಿನ ಹಳೆಯ ಮಾತು ಪೂರ್ತಿ ಅಳಿಯಲಿಲ್ಲ. ಮೊದಲು ಹಫೀಜ್ "ಬೆಳ್ಳುಳ್ಳೀ" ಅಂತ ಎಳೆಯುತ್ತಾನೆ, ಆಮೇಲೆ ಕುಳ್ಳಮ್ಮ ಗದರುತ್ತಾಳೆ. ಮುಂದಿನ ಸೋಮವಾರ ಹುರುಳಿ ಒಕ್ಕಣೆ ಮಾಡುತ್ತಿದ್ದ ಇಬ್ಬರು ಹೆಂಗಸರು ಚೀಲ ಹಿಡಿದುಕೊಂಡು ದಾರಿಗೆ ಬಂದರು.

"ಎಲ್ಲವ್ವಾ ಬೆಳ್ಳುಳ್ಳಿ?"

"ಬೆಳ್ಳುಳ್ಳಿ ಇಲ್ಲ, ಬಂಡೆ ಅದೆ. ಬನ್ನಿ ಈ ಕಡೀಕೆ," ಅಂದಳು ಕುಳ್ಳಮ್ಮ.

ಊರು ಅವಳಿಗೆ ಮೈಕಿನ ಕುಳ್ಳಮ್ಮ ಅಂತ ಹೆಸರಿಟ್ಟಿತು. ಡೈರಿಯಲ್ಲಿ ಗಂಡಸರು, "ಏನಕ್ಕ, ಇವತ್ತೇನ್ ಸುದ್ದಿ? ಬಾನದ್ ಬಂಡೆ ಎಲ್ಲಿಗಂಟ ಬಂತು?" ಅಂತ ಕಿಚಾಯಿಸಿದರು. ಅವಳು ಹಾಲು ಅಳೆಸಿ ಬರುತ್ತಿದ್ದಳು. ಅಷ್ಟರಲ್ಲಿ ಟಿವಿಯವರು ನೂರರಲ್ಲಿ ಎರಡು ಇದ್ದದ್ದು ಮೂರು ಆಯಿತು ಅಂದಿದ್ದರು. ಕೆಂಪು ಅಕ್ಷರ, ಬೆಂಕಿ, ಢಂ ಢಂ ಸದ್ದು. ಹೆದರಿದ ಕೆಲವರು ಅವಳ ಹತ್ತಿರ ಬಂದು, ಆ ಮೇಷ್ಟರಿಗೆ ಫೋನು ಮಾಡಿ ಕೇಳು ಅಂದರು. "ನಂಗೇನ್ ಗೊತ್ತು ಅದೆಲ್ಲ. ಅದ್ನ ನೋಡ್ಕಳೋರು ನೋಡ್ತಾವ್ರೆ. ನಾನ್ ಗುಡ್ಡ ನೋಡ್ಕತೀನಿ," ಅಂದಳು.

ಮಗಳು ಮೇಘನ ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಲ್ಲೇ ನಾಲ್ಕು ಹುಡುಗಿಯರ ಜೊತೆ ರೂಮು. ಭಾನುವಾರ ಬಂದಳು. ಬಂದವಳೇ ಮೂಲೆಯಲ್ಲಿದ್ದ ಮೈಕು ನೋಡಿದಳು.

"ಅವ್ವ, ನಿಜ್ವಾ ಇದು? ಬಸ್ಸಲ್ಲೇ ಹೇಳಿ ನಗ್ತಾವ್ರೆ ನಂಗೆ."

"ನಗ್ಲಿ."

"ನಗೋದ್ ಅಂಗಿರ್ಲಿ. ಅಪ್ಪ ಬಿದ್ದ ಜಾಗಕ್ಕೇ ವಾರ ವಾರ ಓಗ್ತೀಯಲ್ಲ. ನಿಂಗೂ ಏನಾರ ಆದ್ರೆ ನಂಗ್ಯಾರವ್ರೆ?"

ಕುಳ್ಳಮ್ಮ ಒಲೆಯ ಕೊಳ್ಳಿ ಸರಿಮಾಡಿದಳು. ಮತ್ತೊಂದು ಸಲ ಸರಿಮಾಡಿದಳು. ಮಗಳು ಅಳುತ್ತಿದ್ದಳು. ಇವಳಿಗೂ ಬರುತ್ತಿತ್ತು, ತಡೆದಳು.

"ನಾನಲ್ಲಿರಾದು ಅವ್ರಿಗೆ ಗೊತ್ತಿರ್ತದೆ. ನಿಮ್ಮಪ್ಪ ಇರಾದು ಗೊತ್ತಿರ್ನಿಲ್ಲ. ಅಷ್ಟೆ ಕಣವ್ವ ಎತ್ವಾಸ," ಅಂದಳು.

ಮೇಘನ ಒಪ್ಪಿದ ಹಾಗೆ ಕಾಣಲಿಲ್ಲ. ಬೆಳಿಗ್ಗೆ ಮಾತಾಡದೇ ಬಸ್ಸಿಗೆ ಹೋದಳು. ಆದರೆ ಮುಂದಿನ ವಾರ ಬರುವಾಗ ಫ್ಯಾಕ್ಟರಿಯ ಕೆಂಪು ಬಟ್ಟೆಯ ತುಂಡಿಗೆ ಅಂಚು ಹೊಲಿದು ತಂದಿದ್ದಳು. ಅವ್ವನ ಕೈಗೆ ಕೊಡಲಿಲ್ಲ. ಬಾಗಿಲ ಮೊಳೆಗೆ ನೇತುಹಾಕಿ ನೀರು ಹೊರಲು ಹೋದಳು.

ಶಿವರಾತ್ರಿಯ ಜಾಗರಣೆ ಮುಗಿಯುವಷ್ಟರಲ್ಲಿ ಆಕಾಶದ ಕಲ್ಲಿನ ಸುದ್ದಿ ಬಿದ್ದುಹೋಗಿತ್ತು. ಲೆಕ್ಕ ಇಳಿದು ಇಳಿದು ಹೆಚ್ಚುಕಡಿಮೆ ಸೊನ್ನೆಗೆ ಬಂತಂತೆ. ಭೂಮಿಗೆ ಬೀಳುವುದಿಲ್ಲವಂತೆ. ಟಿವಿಯವರು ಬೇರೆ ಹೆದರಿಕೆ ಹುಡುಕಿಕೊಂಡರು. ಪುಟ್ಟರಾಜು ಡೈರಿಯಲ್ಲಿ ತಾನೇ ತಳ್ಳಿ ಕಳಿಸಿದವನ ಹಾಗೆ, "ಓಯ್ತು ಕಣ್ರಲಾ ಅತ್ಲಾಗೆ," ಅಂದ.

ಆ ಮುಂದಿನ ಸೋಮವಾರ ಕುಳ್ಳಮ್ಮ ಗುಡ್ಡದ ಬುಡಕ್ಕೆ ಬಂದಾಗ ಮಹದೇವಸ್ವಾಮಿ ದಾರಿಯಲ್ಲೇ ನಿಂತಿದ್ದ. ಕೈಯಲ್ಲಿ ಮೊಬೈಲು. ಸಾಹುಕಾರರ ಹತ್ತಿರ ಬೈಸಿಕೊಂಡಿದ್ದ ಅಂತ ಮುಖವೇ ಹೇಳುತ್ತಿತ್ತು.

"ಸಾಕು ಬುಡವ್ವ ಇನ್ನ. ವಾರ ವಾರ ನೀನು ಒಲ ಸುತ್ಕಂಡ್ ಬರೋ ಗಂಟ ಲಾರಿ ನಿಲ್ಸ್ಕಂಡ್ ಕೂರ್ಬೇಕು. ಇಷ್ಟ್ ವಾರದಾಗೆ ಎಷ್ಟ್ ಜನ ಸಿಕ್ರು? ಇಬ್ರು. ಅವ್ರೂ ಬೆಳ್ಳುಳ್ಳಿಗೆ ಬಂದೋರು."

"ಸಿಕ್ಕಿದ್ರಲ್ಲ."

"ಆ ಬಾನದ್ ಕಲ್ಲೇ ಬರಕಿಲ್ಲ ಅಂತ ಆಯ್ತು. ಅಷ್ಟೊಂದ್ ಕುಣಿದ್ರು, ಕೊನೀಕೇನಾಯ್ತು? ಸುಮ್ಕೆ ಎದರ್ಸಿದ್ದಷ್ಟೆ. ಇದೂ ಅಂಗೇಯ."

ಕುಳ್ಳಮ್ಮ ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಆ ಕಲ್ಲು ಬರಕಿಲ್ಲ ಅಂತ ಅವ್ರು ನೋಡಿ ಹೇಳಿದ್ರು ಮೇಸ್ತ್ರಿ. ನೀವು ನೋಡ್ದೆ ಹೇಳ್ತೀರಿ."

"ಒಲದಾಗೆ ಯಾರವ್ರೆ ಈಗ? ಇಲ್ಲಿಂದ್ಲೇ ಕಾಣ್ತದೆ. ಒಬ್ರೂ ಇಲ್ಲ."

"ಅವತ್ತೂ ಇಲ್ಲಿಂದ್ಲೇ ನೋಡಿದ್ರಿ."

ಮಹದೇವಸ್ವಾಮಿಯ ಮೊಬೈಲು ರಿಂಗಾಯಿತು. ಯಾರೆಂದು ನೋಡಿದ, ಎತ್ತಲಿಲ್ಲ. ಗುಡ್ಡದ ಮೇಲೆ ಆಳುಗಳು ಇವರಿಬ್ಬರನ್ನೇ ನೋಡುತ್ತಾ ಕೂತಿದ್ದರು. ಮದ್ದು ತುಂಬಿಯಾಗಿತ್ತು.

"ನೀವು ಸಿಡ್ಸೋದಾದ್ರೆ ಸಿಡ್ಸಿ. ನಾನ್ ಒಲದಾಗಿರ್ತೀನಿ," ಅಂದಳು ಅವಳು. ಅಂದವಳು ಉತ್ತರಕ್ಕೆ ಕಾಯಲಿಲ್ಲ. ಕೆಂಪು ಬಟ್ಟೆಯನ್ನು ದಾರಿಯ ಬೇಲಿಗೆ ಕಟ್ಟಿ, ಹೊಲಕ್ಕೆ ಇಳಿದಳು.

ಮೈಕು ಕೂಗುತ್ತಿತ್ತು. ಬಿಸಿಲಿಗೆ ಹುಲ್ಲು ಒಣಗಿ ಕಾಲಿಗೆ ಚುಚ್ಚುತ್ತಿತ್ತು. ಮೊದಲು ಚಿಕ್ಕಮಾದಯ್ಯನ ಹೊಲ. ಕುಸಿದ ಬದು. ಅಲ್ಲಿ ಅವಳು ನಿಲ್ಲಲಿಲ್ಲ. ನಿಂತರೆ ಕೂರುತ್ತಾಳೆ, ಕೂತರೆ ಏಳುವುದಿಲ್ಲ, ಅದು ಅವಳಿಗೆ ಗೊತ್ತು. ಬದು ದಾಟಿದಳು. ಪಂಪ್‌ಸೆಟ್ಟಿನ ಮನೆಯ ಬಾಗಿಲು ತಳ್ಳಿ ನೋಡಿದಳು. ಒಳಗೆ ಒಂದು ಹಳೆಯ ಚಪ್ಪಲಿ, ಜೇಡರ ಬಲೆ. ಮುಂದೆ ಕಬ್ಬಿನ ಗದ್ದೆ. ಕಬ್ಬಿನೊಳಗೆ ಆಳಲ್ಲ, ಆನೆ ಕೂತರೂ ಕಾಣುವುದಿಲ್ಲ. ಸಾಲು ಸಾಲಿಗೂ ಬಗ್ಗಿ ನೋಡುತ್ತಾ ಹೋದಳು. ಗರಿ ಮುಖಕ್ಕೆ ಗೀರಿತು. ಅರ್ಧ ದಾರಿಯಲ್ಲಿ ಮೈಕಿನ ಬ್ಯಾಟರಿ ಸೋತು, ಹಫೀಜನ ಬೆಳ್ಳುಳ್ಳಿಯೂ ಅವಳ ಗದರಿಕೆಯೂ ಕುರಿಮರಿಯ ಹಾಗೆ ಅರಚಿ ನಿಂತುಹೋದವು. ಆಮೇಲೆ ಅವಳೇ ಕೂಗಿದಳು. ಒಡೆದ ಗಂಟಲಲ್ಲಿ ಎಷ್ಟು ಬರುತ್ತದೋ ಅಷ್ಟು. ಕೂಗುವುದು, ನಿಂತು ಕೇಳುವುದು. ಮತ್ತೆ ಕೂಗುವುದು.

ಗದ್ದೆಯ ಆ ಕೊನೆಗೆ ಹೋಗಿ ನಿಂತಾಗ ಅವಳಿಗೆ ಗುಡ್ಡ ಹತ್ತಿರವೇ ಕಂಡಿತು. ಕೊರೆದ ಬಂಡೆ, ಬಿಳಿ ಬಿಳಿ. ಈಗ ಸಿಡಿಸಿದರೆ ಓಡಿದರೂ ಆಗುವುದಿಲ್ಲ. ಮೇಸ್ತ್ರಿ ಕಾಯುತ್ತಾನೋ ಇಲ್ಲವೋ ಅಂತ ಆಗ ಅನ್ನಿಸಿತು.  ದೇವಯ್ಯನಿಗೆ ಹೀಗೆ ಅನ್ನಿಸಲೂ ಹೊತ್ತು ಸಿಕ್ಕಿರಲಿಲ್ಲ. ಅವಳು ಕೊನೆಯ ಸಾಲನ್ನೂ ನೋಡಿದಳು. ನೋಡಿಯೇ ತಿರುಗಿದಳು.

ದಾರಿಗೆ ಬಂದಾಗ ಮಹದೇವಸ್ವಾಮಿ ಅಲ್ಲೇ ನಿಂತಿದ್ದ. ಬೈಕನ್ನು ದಾರಿಗೆ ಅಡ್ಡ ನಿಲ್ಲಿಸಿದ್ದ. ಅದರ ಆಚೆ ಪುಟ್ಟರಾಜುವಿನ ಟ್ರಾಕ್ಟರು ನಿಂತಿತ್ತು. ಪುಟ್ಟರಾಜು ಮೇಲಿಂದ, "ಎಷ್ಟೊತ್ತಕ್ಕ? ಇವ್ರು ಬುಡ್ನೇ ಇಲ್ಲ ನನ್ನ," ಅಂತ ಗೊಣಗಿದ.

ಮಹದೇವಸ್ವಾಮಿ ಅವಳ ಮುಖದ ಗೀರು ನೋಡಿದ, ಕೈಯ ಮೈಕು ನೋಡಿದ.

"ಯಾರಾರ ಇದ್ರಾ?"

"ಇಲ್ಲ."

"ಯಾರೂ ಇಲ್ಲ ಅಂತ ನೋಡಕ್ಕೆ ಇಷ್ಟೊತ್ತಾ?"

"ಊಂ. ಈಗ ಸಿಡ್ಸಿ," ಅಂದಳು ಕುಳ್ಳಮ್ಮ.

ಅವನು ಗುಡ್ಡದ ಕಡೆ ತಿರುಗಿ ಕೈ ಎತ್ತಿದ. ಬಂಡೆ ಸಿಡಿಯಿತು. ಕಲ್ಲುಗಳು ಎದ್ದು ಖಾಲಿ ಹೊಲದ ಮೇಲೆ, ಕಬ್ಬಿನ ಮೇಲೆ ಬಿದ್ದವು. ಒಂದು ಪಂಪ್‌ಸೆಟ್ಟಿನ ಮನೆಯ ಶೀಟಿಗೆ ಬಡಿಯಿತು. ದೂಳು ಇಳಿಯಿತು. ಆಮೇಲೆ ಮಹದೇವಸ್ವಾಮಿ ಬೈಕನ್ನು ಪಕ್ಕಕ್ಕೆ ಸರಿಸಿ ಟ್ರಾಕ್ಟರಿಗೆ ದಾರಿ ಬಿಟ್ಟ. ಕುಳ್ಳಮ್ಮ ಬೇಲಿಯ ಕೆಂಪು ಬಟ್ಟೆ ಬಿಚ್ಚಿ ಮಡಿಸಿ, ಮೈಕಿನ ಬ್ಯಾಟರಿ ಚಾರ್ಜಿಗೆ ಹಾಕಲು ಮನೆಗೆ ಹೋದಳು.